ಅಜ್ಜಿಯ ಹೊಟ್ಟೆಯ ಕಲ್ಲು, ಮತ್ತೆ ಗಾಳಿ

ಹೊಟ್ಟೆ ಕೊಯ್ಯುವ ವೃತ್ತಿಯಲ್ಲಿ ನಗುವಿಗೆ ಬರವಿಲ್ಲ. ಆದರೆ ಅದು ಬರುವುದು ಎಲ್ಲರೂ ಅಳುವ ಹಂತದಲ್ಲಿದ್ದಾಗಲೇ.

ಕಲ್ಲು

ಮುಂಬೈಯ ದಹಿಸರದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ವಿಜಯಪುರದವರೊಬ್ಬರು ತಾಯಿಯನ್ನು ಪರೇಲಿನ ನಮ್ಮ ಆಸ್ಪತ್ರೆಗೆ ಕರೆತಂದರು. ಅಜ್ಜಿಗೆ ಒಂದೇ ಸಮನೆ ವಾಂತಿ, ಹೊಟ್ಟೆ ಉಬ್ಬಿ ಗಟ್ಟಿಯಾಗಿತ್ತು. ಕರುಳು ಕಟ್ಟಿದೆ ಎಂಬುದು ಸ್ಪಷ್ಟ, ಯಾಕೆ ಕಟ್ಟಿದೆ ಎಂಬುದೇ ತಿಳಿಯದು. ಹಳೆಯ ಆಪರೇಶನ್ನಿಲ್ಲ, ಹರ್ನಿಯಾ ಇಲ್ಲ. ಸ್ಕ್ಯಾನ್ ನೋಡಿ ನಾನೇ ಬೆರಗಾದೆ. ಇಂಥದ್ದು ಬಲು ಅಪರೂಪ.

"ಕರುಳಾಗ ಕಲ್ಲು ಸಿಕ್ಕೊಂಡದರೀ," ಎಂದೆ.

ಮೂಗಿನಲ್ಲಿ ನಳಿಕೆ ಇದ್ದರೂ ಅಜ್ಜಿ ಪಕ್ಕದಲ್ಲಿ ನಿಂತಿದ್ದ ಸೊಸೆಯ ಕಡೆ ತಿರುಗಿದರು. "ಅಕ್ಕಿ ಛಂದಾಗಿ ಆರಿಸು ಅಂತ ಬಡಕೊಂಡೆ. ಟೀವಿ ನೋಡಕೋತ ಆರಿಸ್ತಿ!"

ಸೊಸೆಯ ಕಣ್ಣಲ್ಲಿ ನೀರು. ಅದು ಅಕ್ಕಿಯ ಕಲ್ಲಲ್ಲ, ಅಜ್ಜಿಯ ಪಿತ್ತಕೋಶದಲ್ಲೇ ಬೆಳೆದು ಕರುಳಿಗೆ ಜಾರಿದ್ದು ಎಂದು ವಿವರಿಸಿದೆ.

"ಹಂಗಾರ ಕಲ್ಲು ಅತ್ತೀದ ಅನ್ರಿ!" ಎಂದು ಆಕೆ ಉಸಿರು ಬಿಟ್ಟಳು. ಆಪರೇಶನ್ನಿಗೆ ಮೊದಲೇ ಒಬ್ಬರು ಗುಣವಾದರು.

ಗಾಳಿ

ನೆಲ್ಲಿಕಾಯಿಯಷ್ಟು ದೊಡ್ಡ ಕಲ್ಲು ಹೊರಬಂತು, ಕರುಳು ಹೊಲಿದೆವು. ಇನ್ನು ಅಜ್ಜಿ ಗಾಳಿ ಬಿಟ್ಟರೆ ಕರುಳು ಕೆಲಸ ಶುರುಮಾಡಿದೆ ಎಂದರ್ಥ. ಮರುದಿನ ಮರ್ಯಾದೆಯಿಂದಲೇ ಕೇಳಿದೆ: "ಅಜ್ಜಿ, ಗಾಳಿ ಹೋತೇನ್ರಿ?"

"ನನಗ ಯಾವ ಗಾಳೀನೂ ಬಡದಿಲ್ಲ." ಅಜ್ಜಿ ಸೊಸೆಯ ಕಡೆ ಕೈ ತೋರಿಸಿದರು. "ಬಡದ್ರ ಇವಳಿಗೇ ಬಡದೀತು. ಸಂಜಿಮುಂದ ಕೂದಲಾ ಬಿಟಗೊಂಡು ಅಡ್ಡಾಡ್ತಾಳ!"

ಮಗ ಗಾಬರಿಯಾಗಿ, "ಕರೀದಾರ ತರಲೇನ್ರಿ ಸಾಹೇಬ್ರ?" ಎಂದ. ಬೇರೆ ದಾರಿ ಕಾಣದೆ ಹೂಸು ಎಂದೇ ಹೇಳಿದೆ. ಅಜ್ಜಿ ಮುಖದ ಮೇಲೆ ಸೆರಗೆಳೆದುಕೊಂಡವರು ಆ ದಿನವೆಲ್ಲ ಅದನ್ನು ಸರಿಸಲಿಲ್ಲ.

ಯಾರದು?

ಆಮೇಲೂ ಗಾಳಿಯ ಸುದ್ದಿಯಿಲ್ಲ. ಹೀಗೇ ಆದರೆ ಮತ್ತೊಮ್ಮೆ ಹೊಟ್ಟೆ ತೆರೆಯಬೇಕಾದೀತು, ಈ ವಯಸ್ಸಿನಲ್ಲಿ ಅದು ಹುಡುಗಾಟವಲ್ಲ. ನನಗೂ ಊಟ ರುಚಿಸುತ್ತಿರಲಿಲ್ಲ. ಮಗನಂತೂ ಅಂಗಡಿ ಮುಚ್ಚಿ ಮಂಚದ ಪಕ್ಕದಲ್ಲೇ ನಿಂತಿದ್ದ.

ಒಂದು ಬೆಳಿಗ್ಗೆ ಜೂನಿಯರ್ ಡಾಕ್ಟರುಗಳ ಜೊತೆ ಮಂಚದ ಬಳಿ ಹೋಗಿದ್ದೆ. ಪರ್‌ರ್ ಎಂದು ಸದ್ದಾಯಿತು. ವಾರ್ಡೇ ತಿರುಗಿ ನೋಡಿತು. ಆಹಾ, ಅದಕ್ಕಿಂತ ಇಂಪಾದ ಸದ್ದು ನಾನು ಕೇಳಿಲ್ಲ!

"ಅವ್ವಾ, ನಿಂದೇನ?" ಮಗ ಕೇಳಿದ.

ಅಜ್ಜಿ ಮುಖಕ್ಕೆ ಸೆರಗೆಳೆದುಕೊಂಡು ನನ್ನ ಕಡೆ ಬೆರಳು ತೋರಿಸಿದರು. "ಡಾಕ್ಟರ್‌ರದು."

ಪಾಪ, ಇಷ್ಟು ಜನರ ಮುಂದೆ ಅವರ ಮಾನ ಉಳಿಯಲಿ ಎಂದು, "ಹೌದ್ರಿ, ನಂದ," ಎಂದೆ.

ಮಗನ ಮುಖ ಬಾಡಿತು. "ಹಂಗಾರ ಅವ್ವಂದು ಇನ್ನೂ ಆಗಿಲ್ಲೇನ್ರಿ?" ಎನ್ನುತ್ತಾ ಮಂಚದ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅಳತೊಡಗಿದ.

ಅಜ್ಜಿ ತಡೆಯಲಾರದೆ ಸೆರಗು ಸರಿಸಿ, ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು:

"ಅಳಬ್ಯಾಡೋ ನನ್ನಪ್ಪಾ, ನಂದ ಅದು!"