ಉಳಿದುಹೋದ ಒಂದು ಫ್ಯೂಜು

ಹತ್ತೊಂಬತ್ತು ವರ್ಷಗಳಿಂದ ಹಾನಗಲ್ಲಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿರುವ ನಾನು, ಯಃಕಶ್ಚಿತ್ ಒಂದು ಬಲ್ಬು ಹಾಕಿಸಲು ಗ್ಯಾರೇಜಿನ ಬಾಗಿಲು ಕಾಯುವುದೇ? ಆಗದ ಮಾತು! "ಇನ್ನ ಮ್ಯಾಲೆ ನಮ್ಮ ಕಾರಿಗೆ ಮೆಕ್ಯಾನಿಕ್ಕೂ ನಾನ, ಎಲೆಕ್ಟ್ರಿಶಿಯನ್ನೂ ನಾನ" ಎಂದು ಅಂಗಳದಲ್ಲಿ ನಿಂತು ಘೋಷಿಸಿಬಿಟ್ಟೆ.

ಕೇಳಿಸಿಕೊಂಡವರು ಇಬ್ಬರೇ. ಒಬ್ಬರು ನನ್ನ ಗಂಡ ಮೈಲಾರಲಿಂಗ. ಊರಿನ ಗ್ರಂಥಾಲಯ ನೋಡಿಕೊಳ್ಳುವವರು. ಇಪ್ಪತ್ತು ವರ್ಷ ಮಂದಿಗೆ "ಶ್ಶ್" ಅಂದೂ ಅಂದೂ ಅವರ ಸ್ವಂತ ದನಿಯೇ ಅರ್ಧಕ್ಕೆ ಇಳಿದುಹೋಗಿದೆ. ಇನ್ನೊಬ್ಬರು ಅತ್ತೆ ಯಂಕವ್ವ. "ಮೊದಲ ಆ ಕಾಲು ನೆಟ್ಟಗ ಊರವಾ" ಎಂದರು.

ಕಾಲಿನ ಕಥೆ ಇಷ್ಟೇ. ದೀಪಾವಳಿಯ ಮರುದಿನ ಪಾವಟಿಗೆ ಇಳಿಯುವಾಗ ಜಾರಿ ಬಿದ್ದು ಮುರಿದುಕೊಂಡೆ. ಹತ್ತು ವಾರ ಪ್ಲಾಸ್ಟರು. ಗಂಡನಿಗೆ ಕಾರು ಓಡಿಸಲು ಬರುವುದಿಲ್ಲ. ಹೀಗಾಗಿ ಕಾರಿಗೂ ಹತ್ತು ವಾರ ವಿಶ್ರಾಂತಿ! ಮಂಚದ ಮೇಲಿಂದಲೇ ನಾನು ಕಂಪನಿಯ ಪುಸ್ತಕ ಹಿಡಿದು ಕಾರು ಮಲಗಿಸುವ ಶಾಸ್ತ್ರ ಹೇಳಿದೆ, ಗಂಡ ಮಾಡಿದರು. ಟೈರಿಗೆ ನಾಲ್ಕು ಉಸಿರು ಗಾಳಿ ಹೆಚ್ಚಿಗೆ. ಹ್ಯಾಂಡ್ ಬ್ರೇಕು ಎಳೆಯದೆ ಗಾಲಿಗೆ ಕಲ್ಲು. ಬ್ಯಾಟರಿಯ ಒಂದು ತಂತಿ ಬಿಚ್ಚಿ, ಇಲಿ ಬಾರದಂತೆ ಬಾನೆಟ್ಟಿನೊಳಗೆ ಡಾಂಬರು ಗುಳಿಗೆ ಇಟ್ಟು, ಮೇಲೆ ತಾಡಪತ್ರಿಯ ಹೊದಿಕೆ. ರಾಣಿಗೂ ಇಂಥ ಶಯನೋಪಚಾರ ಸಿಕ್ಕಿರಲಿಕ್ಕಿಲ್ಲ!

ಪ್ಲಾಸ್ಟರು ತೆಗೆದ ವಾರದಲ್ಲೇ ಆದೇಶ ಬಂತು: ಹಿರೇಕೆರೂರಿನ ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗೆ ನಾನೇ ಹೊರಗಿನ ಪರೀಕ್ಷಕಿ. ಮುಂಜಾನೆ ಒಂಬತ್ತಕ್ಕೆ ಶುರು. ನಾನು ಮುಟ್ಟದಿದ್ದರೆ ಮೂವತ್ತೆರಡು ಮಕ್ಕಳು ಬಾಗಿಲಲ್ಲೇ ನಿಲ್ಲಬೇಕು.

ಮುನ್ನಾದಿನ ಮಧ್ಯಾಹ್ನ ಬ್ಯಾಟರಿ ತಂತಿ ಜೋಡಿಸಿ ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಶುರು! ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಆದರೆ ಬಲಗಡೆಯ ಹೆಡ್‌ಲೈಟು ಮಾತ್ರ ಕಣ್ಣು ತೆರೆಯಲಿಲ್ಲ.

"ನಾವು ಹೋಗೂದು ಹಗಲಿನ್ಯಾಗ. ದೀಪ ಯಾಕ?" ಎಂದರು ಗಂಡ. "ಇಲ್ಲಂದ್ರ ಏಳರ ಬಸ್ಸಿಗೆ ಹೋಗೂಣು."

"ಫಿಜಿಕ್ಸ್ ಪರೀಕ್ಷಕಿ ಒಕ್ಕಣ್ಣಿನ ಕಾರಿನ್ಯಾಗ ಹೋಗಬೇಕೇನ್ರಿ? ಇಲ್ಲಾ ಬಸ್ಸಿನ್ಯಾಗ ಜೋತಾಡಿಕೊಂಡು?"

ಬಲ್ಬು ತರಿಸಿದೆ. ಗಾಜಿಗೆ ಬೆರಳು ತಾಗಬಾರದೆಂದು ಅರಿವೆಯಿಂದ ಹಿಡಿದು ಕೂರಿಸಿದೆ. ಹತ್ತಲಿಲ್ಲ. ಅಂದಮೇಲೆ ಫ್ಯೂಜೇ ಹೋಗಿರಬೇಕು! ಡಬ್ಬಿಯ ಮುಚ್ಚಳದಲ್ಲಿ ಯಾವುದು ಎಲ್ಲಿಯದೆಂಬ ನಕಾಶೆ ಇತ್ತು. ಅಕ್ಷರಗಳು ಇರುವೆಯಷ್ಟು, ಅರ್ಧ ಅಳಿಸಿಹೋಗಿದ್ದವು. ನಾನೇನು ಕಡಿಮೆಯೇ? ಒಂದು ಚಿಮಟ ಹಿಡಿದು ಹದಿನೇಳೂ ಫ್ಯೂಜುಗಳನ್ನು ಕಿತ್ತೆ. ಕೆಂಪು, ನೀಲಿ, ಹಳದಿ, ಹಸಿರು. ಯಾವುದು ಎಲ್ಲಿತ್ತೋ ಅದೇ ಕ್ರಮದಲ್ಲಿ ಸ್ಟೀಲಿನ ತಾಟಿನಲ್ಲಿ ಜೋಡಿಸಿ, ಒಳಗೆ ತಂತಿ ಕಡಿದಿದ್ದ ಒಂದನ್ನು ಪತ್ತೆ ಮಾಡಿ ಎಸೆದೆ. ಅದರ ಬದಲು ಹೊಸದನ್ನಿಟ್ಟು, ಹೆಮ್ಮೆಯಿಂದ ನೀರು ಕುಡಿಯಲು ಒಳಗೆ ಹೋದೆ.

ಎರಡೇ ನಿಮಿಷ. ಹೊರಬಂದು ನೋಡಿದರೆ ತಾಟಿನಲ್ಲಿ ಅಕ್ಕಿ!

"ಅತ್ತಿ, ಇಲ್ಲಿ ಇಟ್ಟಿದ್ನಲ್ಲ, ಎಲ್ಲಿ ಹೋದ್ವು?"

"ಆ ಪೇಪರಮೆಂಟೇನ? ಅಕ್ಕಿ ಹಸನ ಮಾಡಾಕ ತಾಟು ಬೇಕಿತ್ತು. ವಾಟಗದಾಗ ಸುರುವೇನಿ ನೋಡು. ಹದಿನೇಳು ಅದಾವು, ಒಂದೂ ಕಳದಿಲ್ಲ!"

ಬಟ್ಟಲಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಎಲ್ಲ ಕಲಸುಮೇಲೋಗರ! ಕನ್ನಡಕ ಏರಿಸಿ, ನಕಾಶೆಯ ಇರುವೆಗಳನ್ನು ಎಣಿಸಿ, ಫ್ಯೂಜಿನ ನೆತ್ತಿಯ ಸಂಖ್ಯೆ ಓದಿ ಒಂದೊಂದಾಗಿ ಕೂರಿಸಿದೆ. ಹೆಡ್‌ಲೈಟು ಹತ್ತಿತು. ವೈಪರು ಆಡಿತು. ಇಂಡಿಕೇಟರು ಕಣ್ಣು ಹೊಡೆಯಿತು. ಆದರೆ ನನ್ನ ಅಂಗೈಯಲ್ಲಿ ನೀಲಿ ಫ್ಯೂಜೊಂದು ಉಳಿದಿತ್ತು! ಡಬ್ಬಿಯಲ್ಲೋ ಮೊದಲಿನಿಂದ ಖಾಲಿಯಿದ್ದ ಮನೆಗಳೇ ಐದಾರು. ಇದು ಯಾವ ಮನೆಯ ಮಗು?

"ಹಾರ್ನ್ ನೋಡಿದಿ?" ಎಂದರು ಗಂಡ.

ಒತ್ತಲು ಕೈ ಎತ್ತಿದೆ. "ಏ, ಬ್ಯಾಡ! ಬಾಜೂ ಮನಿ ಕೂಸು ಈಗಷ್ಟ ಮಲಗೇತಿ!" ಎಂದು ಅತ್ತೆ ಗದರಿದರು. ಕೈ ಇಳಿಸಿದೆ.

ಮುಂಜಾನೆ ಆರೂ ಮುಕ್ಕಾಲಿಗೆ ಹೊರಟೆವು. ಉಳಿದ ಫ್ಯೂಜು ಗಂಡನ ಅಂಗಿಯ ಕಿಸೆಯಲ್ಲಿತ್ತು. ನನ್ನ ಜೀವವೂ ಅಲ್ಲೇ ಇತ್ತು.

"ಬ್ರೇಕಿಗೂ ಫ್ಯೂಜ್ ಇರ್ತೈತೇನ?"

"ಇರಾಂಗಿಲ್ರಿ."

"ಖಾತ್ರಿ?"

"...ಇರಬಾರ್ದು."

ಅವರು ಸೀಟು ಬೆಲ್ಟನ್ನು ಇನ್ನೊಮ್ಮೆ ಎಳೆದು ನೋಡಿಕೊಂಡರು. ನಾನು ಪ್ರತಿ ಮೈಲಿಗೊಮ್ಮೆ ಬ್ರೇಕು ಒತ್ತಿ ನೋಡುತ್ತಿದ್ದೆ. ಮೂಗಿಗೆ ಏನೋ ಸುಟ್ಟ ವಾಸನೆ ಬಂದಂತಾಗಿ ಎರಡು ಸಲ ಇಳಿದೆ. ಎರಡೂ ಸಲ ಅದು ರಸ್ತೆ ಪಕ್ಕ ಕಬ್ಬಿನ ಒಣಗರಿಯ ರವದಿಗೆ ಹಚ್ಚಿದ ಬೆಂಕಿ! ಹೀಗೆ ಅಕ್ಕಿಆಲೂರು ಮುಟ್ಟುವಷ್ಟರಲ್ಲಿ ಏಳೂ ಮುಕ್ಕಾಲು.

ಅವತ್ತು ಅಲ್ಲಿ ಸಂತೆ.

ರಸ್ತೆಯ ತುಂಬ ಬುಟ್ಟಿ, ಚೀಲ, ಭತ್ತದ ಟ್ರ್ಯಾಕ್ಟರು. ನಡುವೆ ಒಂದು ಎಮ್ಮೆ, ಅಡ್ಡ. ಹಾರ್ನ್ ಒತ್ತಿದೆ. ಮೌನ! ಇನ್ನೊಮ್ಮೆ ಗುದ್ದಿದೆ. ಸೊಳ್ಳೆ ಗುಂಯ್ ಅಂದಷ್ಟೂ ಸದ್ದಿಲ್ಲ!

"ಸಿಕ್ತು! ಉಳದಿದ್ದು ಹಾರ್ನಿನ ಫ್ಯೂಜ!" ಎಂದೆ.

"ಅದನ್ನ ಎಲ್ಲಿ ಹಾಕಬೇಕು?"

"ಅದ ಗೊತ್ತಿಲ್ಲ. ನೀವ ಒದರ್ರಿ!"

ಗಂಡ ಕಿಟಕಿಯಿಂದ ತಲೆ ಹೊರಹಾಕಿದರು. "ದಯವಿಟ್ಟು ಸ್ವಲ್ಪ ಸರೀರಿ..." ಎಂದರು. ಪುಸ್ತಕ ತಿರುವಿ ಹಾಕಿದಷ್ಟು ಸದ್ದು. ಸೊಪ್ಪಿನ ಬುಟ್ಟಿಯ ಸಿದ್ದವ್ವ ಎಂಬ ಮುದುಕಿ ಹತ್ತಿರ ಬಂದು, "ಏನ್ ಬೇಕಪಾ? ಮೆಂತೇನ? ಸಬ್ಬಸಗಿನ?" ಎಂದು ಎರಡು ಸಿವುಡು ಸೊಪ್ಪು ಕಿಟಕಿಯೊಳಗೆ ತುರುಕಿಯೇಬಿಟ್ಟಳು. ಬೇಡ ಎನ್ನುವಷ್ಟು ದನಿ ನಮ್ಮವರಿಗಿರಲಿಲ್ಲ. ರೊಕ್ಕ ಕೊಟ್ಟರು. ಅದನ್ನು ಕಂಡು ಬದನೆಕಾಯಿಯವನೂ ಬಂದ!

ಅಷ್ಟರಲ್ಲಿ ಹಿಂದಿನಿಂದ ಬಸ್ಸೊಂದು ಪೋಂ ಎಂದು ಕೂಗುತ್ತ ಬಂದು, ನಮ್ಮನ್ನು ದಾಟಿ, ಮಂದಿಯನ್ನು ಸೀಳಿಕೊಂಡು ಹೋಯಿತು. ಹಿಂದೆಯೇ ದಾರಿ ಮುಚ್ಚಿಕೊಂಡಿತು.

"ಅದ ಏಳರ ಬಸ್ಸು," ಎಂದರು ಗಂಡ, ಮೆಲ್ಲಗೆ.

ಗಡಿಯಾರ ನೋಡಿದೆ. ಎಂಟು ದಾಟಿತ್ತು. ಬಾಗಿಲಲ್ಲಿ ನಿಂತ ಮಕ್ಕಳು ಕಣ್ಣಿಗೆ ಕಟ್ಟಿದರು. ನನಗರಿವಿಲ್ಲದೆ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡ ನಮ್ಮವರಿಗೆ ಏನಾಯಿತೋ! ಸೊಂಟದವರೆಗೆ ಕಿಟಕಿಯಿಂದ ಹೊರಬಂದು, "ಸರೀರ್ರ್ರೋಓಓ!" ಎಂದು ಗರ್ಜಿಸಿದರು. ಸಂತೆ ಗಪ್ಪಾಯಿತು. ಎಮ್ಮೆ ಸರಿಯಿತು. ಕೈಯಲ್ಲಿ ಮೆಂತೆ ಹಿಡಿದ ಗ್ರಂಥಪಾಲಕರು ತಮ್ಮ ದನಿಗೆ ತಾವೇ ಬೆಚ್ಚಿ ಒಳಗೆ ಕುಸಿದರು.

ಊರ ಕೊನೆಯಲ್ಲಿ ಶೇಖಸಾಬ ಎಂಬಾತನ ವಾಹನ ವೈರಿಂಗ್ ಅಂಗಡಿ ಸಿಕ್ಕಿತು. ಕಾರು ನಿಲ್ಲಿಸಿ, ಆ ನೀಲಿ ಫ್ಯೂಜನ್ನು ಅಂಗೈಯಲ್ಲಿಟ್ಟು ದೇವರ ಮುಂದೆ ಹಿಡಿದಂತೆ ಹಿಡಿದೆ.

"ಇದು ಹಾರ್ನಿಂದ್ರಿ. ಎಲ್ಲಿ ಹಾಕೂದು?"

ಆತ ಡಬ್ಬಿ ತೆರೆದು ನೋಡಿ ನಕ್ಕ. "ಹಾರ್ನಿಂದು ಅದರ ಜಾಗಾದಾಗ ಐತ್ರಿ. ಎಲ್ಲಾ ಬರೋಬ್ಬರಿ ಕುಂತಾವು. ಇದು ಹೆಚ್ಚಿಗಿದ್ದು. ಒಂದು ಸುಟ್ರ ಇನ್ನೊಂದು ಇರಲಿ ಅಂತ ಕಂಪನಿಯವರ ಇಟ್ಟಿರ್ತಾರ."

ನಿನ್ನೆಯಿಂದ ನನ್ನ ರಕ್ತ ಹೀರಿದ್ದು ಕಂಪನಿಯವರ ಸೌಜನ್ಯವೇ!

"ಮತ್ತ ಹಾರ್ನ್ ಯಾಕ ಸತ್ತೈತಿ?"

ಆತ ಮುಂಭಾಗದ ಜಾಲರಿಯ ಹಿಂದೆ ಕೈಹಾಕಿ, ಮುಷ್ಟಿಯಷ್ಟು ಕೆಂಪು ಮಣ್ಣಿನ ಹೆಂಟೆ ತೆಗೆದ. "ಕಣಜದ ಹುಳ ಹಾರ್ನಿನ ಬಾಯಾಗ ಮನಿ ಕಟ್ಯಾವ್ರಿ. ಗಾಡಿ ಬಾಳ ದಿನ ನಿಲ್ಲಿಸಿದ್ರೇನು?" ಎಂದು ಒಳಗೆ ಗಾಳಿ ಊದಿದ. ನಾನು ಒತ್ತಿದೆ. ಪೋಂ! ಸಂಗೀತ!

ಆತ ಕೂಲಿ ತೆಗೆದುಕೊಳ್ಳಲಿಲ್ಲ. ಮೆಂತೆ ಸಿವುಡು ತೆಗೆದುಕೊಂಡ.

ಹಿರೇಕೆರೂರು ಮುಟ್ಟಿದಾಗ ಒಂಬತ್ತಕ್ಕೆ ನಾಲ್ಕು ನಿಮಿಷ. ಗೇಟಿನಲ್ಲೇ ಅಲ್ಲಿನ ಉಪನ್ಯಾಸಕರು ಪರಮೇಶಪ್ಪ ಕಾಯುತ್ತಿದ್ದರು. ಮುಖ ಬಾಡಿತ್ತು. "ಮೇಡಮ್, ಸ್ವಿಚ್ ಬೋರ್ಡಿನ್ಯಾಗ ಚಟ್ ಅಂತ ಸಪ್ಪಳಾತು. ಲ್ಯಾಬ್ ಪೂರಾ ಕತ್ತಲಿ."

ಮೂವತ್ತೆರಡು ಮಕ್ಕಳು ನನ್ನತ್ತ ತಿರುಗಿದರು. ಅರವತ್ತನಾಲ್ಕು ಕಣ್ಣು! ನಾನು ಗಂಡನ ಮುಖ ನೋಡಿದೆ, ಅವರು ನೆಲ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಆ ಮಾತು ಬಂತು.

"ಸರ, ನನಗ ಅದು ಬರಾಂಗಿಲ್ರಿ. ಬರೋರನ್ನ ಕರಸ್ರಿ."

ಪರಮೇಶಪ್ಪ ಎರಡೂ ಕೈ ಜೋಡಿಸಿಬಿಟ್ಟರು. "ಬದುಕಿಸಿದ್ರಿ ಮೇಡಮ್! ಎಲೆಕ್ಟ್ರಿಶಿಯನ್ ಆಗಲೇ ಹೊಂಟು ಬರಾಕತ್ತಾನ್ರಿ. ಹೋದ ವರ್ಷ ಬಂದ ಪರೀಕ್ಷಕರು 'ನಾ ಫಿಜಿಕ್ಸ್‌ನಾಂವ ಅದೇನಿ' ಅಂತ ಬೋರ್ಡಿಗೆ ಕೈ ಹಾಕಿ, ನಮ್ಮ ಲ್ಯಾಬಷ್ಟ ಅಲ್ರಿ, ಎದುರಿನ ಹಿಟ್ಟಿನ ಗಿರಣಿನೂ ಬಂದ್ ಮಾಡಿಸಿದ್ರು. ನೀವೂ ಎಲ್ಲಿ ಕೈ ಹಾಕ್ತೀರೋ ಅಂತ ಮುಂಜಾನಿಂದ ಎದಿ ಡವ ಡವ ಅನ್ನಾಕತ್ತಿತ್ರಿ!"

ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.