ಏನೂ ನಡೆಯದ ವಿಡಿಯೋ

“ಇವತ್ತ ನಿನ್ನ ಲ್ಯಾಪ್‌ಟಾಪ್ ಹೆಂಗ ಸ್ವಚ್ಛ ಮಾಡ್ತೇನಿ ನೋಡ! ಕನ್ನಡಿ ಆಗಬೇಕು, ಕನ್ನಡಿ!” ಎಂದು ಶುಕ್ರವಾರ ಬೆಳಿಗ್ಗೆ ಶಿವಪುತ್ರ ಎದೆ ತಟ್ಟಿಕೊಂಡ. ತಟ್ಟಿಕೊಳ್ಳದೆ ಏನು? ದೋಹಾದ ದೊಡ್ಡ ಗೋದಾಮಿನಲ್ಲಿ ದಿನವಿಡೀ ಸಿಸಿಟಿವಿ ನೋಡುವ ಮಹಾಶಯ ಅವನು! ಅಲ್ಲಿ ಅವನು ಕಲಿತ ಮಹಾಮಂತ್ರ ಒಂದೇ: ಏನೂ ನಡೆಯದ ವಿಡಿಯೋ ಕಂಡರೆ ಅಳಿಸು, ಜಾಗ ಉಳಿಸು!

“ಏನರ ಮಾಡ್ರಿ, ನನ್ನ ವಿಡಿಯೋ ಮಾತ್ರ ಪೆನ್ ಡ್ರೈವಿಗೆ ಹಾಕ್ಕೊಂಡು ಸಂಜಿಗೆ ತರ್ರಿ,” ಎಂದು ಹೆಂಡತಿ ಸುವರ್ಣಾ ಸೂಕ್ ವಾಕಿಫ್ ಮಾರುಕಟ್ಟೆ ಹತ್ತಿರದ ಕಲಾ ಗ್ಯಾಲರಿಗೆ ಹೊರಟಳು. ಅವಳು ಕಲಿಯುತ್ತಿದ್ದ ವಿಡಿಯೋ ಕಲೆಯ ತರಗತಿಯವರ ಪ್ರದರ್ಶನ ಅಂದು. ಪೋಸ್ಟರಿನಲ್ಲಿ ತನ್ನ ಹೆಸರು ಬಂದದ್ದನ್ನು ಫೋಟೋ ತೆಗೆದು ಬಾದಾಮಿಯ ತವರಿಗೂ ಕಳಿಸಿದ್ದಳು. ಚಳಿಗಾಲ ಪೂರ್ತಿ ಏನು ಚಿತ್ರೀಕರಿಸಿದಳು ಅಂತ ಮಾತ್ರ ಗಂಡ ಕೇಳಿರಲಿಲ್ಲ.

ಲ್ಯಾಪ್‌ಟಾಪ್ ತೆರೆದರೆ ಉದ್ದಾನುದ್ದ ಒಂದು ವಿಡಿಯೋ. ಬರೀ ಗೋಡೆ! ಮಾತಿಲ್ಲ, ಕತೆಯಿಲ್ಲ, ಮನುಷ್ಯರಿಲ್ಲ. “ಪಾಪ, ಕ್ಯಾಮೆರಾ ಬಂದ್ ಮಾಡೋದು ಮರತಾಳ,” ಎಂದು ಅಳಿಸಿದ. ಕೆಲಸ ಅಂದಮೇಲೆ ಪೂರ್ತಿ ಆಗಬೇಕಲ್ಲ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದ! ಆಮೇಲೆ ಅವಳ ಕಲೆ ಎಲ್ಲಿದೆ ಅಂತ ಹುಡುಕಿದ. ಸಿಗಲಿಲ್ಲ. ಫೋನ್ ಹಚ್ಚಿದ.

“ನಿನ್ನ ವಿಡಿಯೋದಾಗ ಏನೈತಿ?”

“ನಮ್ಮ ಮನಿ ಗೋಡಿ. ಕಿಟಕ್ಯಾಗ ನೀರಿನ ಬೋಗಾಣಿ ಇಟ್ರ ಗೋಡಿ ಮ್ಯಾಲ ಬೆಳಕು ಕುಣೀತೈತಲ್ಲ, ಅದ. ಯಾಕ್ರೀ?”

“ಏನಿಲ್ಲ, ಸುಮ್ಮನ!”

ಶಿವಪುತ್ರ ಖಾಲಿ ಕಸದ ಬುಟ್ಟಿಯನ್ನು ಮತ್ತೊಮ್ಮೆ ತೆರೆದು ನೋಡಿದ! ಹೊರಗೆ ಅವರ ಅಲ್ ಮನ್ಸೂರಾ ಬಡಾವಣೆ ಬಿಸಿಲಿಗೆ ಕಾದು ಸುಡುತ್ತಿದ್ದರೆ ಇವನ ಬೆನ್ನಲ್ಲಿ ಚಳಿ. ಓಡಿಹೋಗಿ ಬೋಗಾಣಿಯಲ್ಲಿ ನೀರು ತುಂಬಿ ಕಿಟಕಿಯಲ್ಲಿಟ್ಟ, ಮೊಬೈಲು ಹಿಡಿದು ನಿಂತ. ಬಿಸಿಲು ಸರಿದರೆ ಮುಗಿಯಿತು ಕತೆ! ಗೋಡೆಯ ಮೇಲೆ ಬೆಳಕು ನಡುಗಿತು. ಬಾಯಿ ತನ್ನಷ್ಟಕ್ಕೆ ದೇವರನ್ನು ಕರೆಯತೊಡಗಿತು. ನೋಡುತ್ತಾ ನೋಡುತ್ತಾ ಬೆಳಕು ಹರಡಿತು, ಮಡಚಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ಇಷ್ಟು ವರ್ಷ ಇದೇ ಮನೆಯಲ್ಲಿದ್ದೂ ಈ ಗೋಡೆಯನ್ನು ಅವನು ನೋಡಿಯೇ ಇರಲಿಲ್ಲ! ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಹೆಂಡತಿ ನೆನಪಾಗಿ ಮತ್ತೆ ಗಡಗಡ.

ಸಂಜೆ ಆ ಹೊಸ ವಿಡಿಯೋವನ್ನೇ ಪೆನ್ ಡ್ರೈವಿನಲ್ಲಿ ಒಯ್ದು ಕೊಟ್ಟ. ಗ್ಯಾಲರಿಯ ಕತ್ತಲು ಕೋಣೆ. ಗಂಡಹೆಂಡತಿ ಪಕ್ಕಪಕ್ಕದಲ್ಲೇ ಕೂತರು. ಪರದೆಯ ಮೇಲೆ ಗೋಡೆ ಬಂತು, ಬೆಳಕು ಕುಣಿಯಿತು. ಪಾರಾದೆ ಎಂದು ಶಿವಪುತ್ರ ಉಸಿರು ಬಿಡುವಷ್ಟರಲ್ಲಿ ಸ್ಪೀಕರ್ ಗುಡುಗಿತು:

“ತಾಯಿ ಬನಶಂಕರಿ! ಅಳಿಸಿದಾಂವ ನಾನ ಅಂತ ಈಕಿಗೆ ಗೊತ್ತಾಗಬಾರದವ್ವಾ! ದೀಡ ನಮಸ್ಕಾರ ಹಾಕ್ತೇನಿ! ಅಯ್ಯ, ಎಷ್ಟ ಚಂದ ಐತಿ ಬೆಳಕು! ಯವ್ವಾ, ಕೊಂದ ಬಿಡ್ತಾಳ ಅಕಿ, ಉಳಿಸವ್ವಾ!”

ವಿಡಿಯೋದ ಧ್ವನಿ ತೆಗೆಯುವುದು ಮರೆತೇಹೋಗಿತ್ತು! ಸುತ್ತ ಕೂತ ನಾನಾ ದೇಶದವರು ಕಣ್ಣು ಮುಚ್ಚಿ ಮಂತ್ರದಂತೆ ಕೇಳುತ್ತಿದ್ದರು. ಅಲ್ಲಿ ಕನ್ನಡ ತಿಳಿದವಳು ಒಬ್ಬಳೇ. ಅವಳು ಇವನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ!

ದೀಪ ಹತ್ತಿತು. ಚಪ್ಪಾಳೆಯೋ ಚಪ್ಪಾಳೆ! ತರಗತಿಯ ಟೀಚರ್ ಮೆಲನಿ ಕಣ್ಣೊರೆಸಿಕೊಳ್ಳುತ್ತಾ ಬಂದು, “ಎಂಥ ಭಯ! ಎಂಥ ಸೌಂದರ್ಯ! ಆ ಪ್ರಾರ್ಥನೆಯ ಅರ್ಥವೇನು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಪಾಪಿಯೊಬ್ಬ ದೇವಿಯ ಮುಂದೆ ನಡುಗುತ್ತಿದ್ದಾನೆ,” ಎಂದಳು ಸುವರ್ಣಾ, ಅಷ್ಟೇ ತಣ್ಣಗೆ.

ಮೆಲನಿ ಅಲ್ಲೇ ತೀರ್ಮಾನಿಸಿದಳು: ಪ್ರತಿ ಶುಕ್ರವಾರ ಈ ವಿಡಿಯೋ, ಜೊತೆಗೆ ಆ ಧ್ವನಿಯ ಮನುಷ್ಯನೇ ಖುದ್ದಾಗಿ ನಿಂತು ಪ್ರಾರ್ಥಿಸಬೇಕು!

ಮನೆಗೆ ಬರುವಾಗ ಮೆಟ್ರೋದಲ್ಲಿ ಸುವರ್ಣಾ ಒದ್ದೆಗಣ್ಣಿನಿಂದ ಅವನ ಕಡೆ ತಿರುಗಿದಳು. “ಚಳಿಗಾಲ ಪೂರ್ತಿ ಅದರ ಮುಂದ ಕುಂತಿದ್ದೆ. ಏನ ಮಾಡಾಕತ್ತಿ ಅಂತ ಒಮ್ಮೆರ ಕೇಳಿದ್ರೇನು ನೀವು?”

“ತಪ್ಪಾತವ್ವಾ! ಇನ್ನ ಮ್ಯಾಲ ದಿನಾ ಕೇಳ್ತೇನಿ,” ಎಂದ ಶಿವಪುತ್ರ, ತಲೆ ತಗ್ಗಿಸಿ. ಮೆಲ್ಲಗೆ ಸೇರಿಸಿದ, “ಆದ್ರ ವಾರಾ ವಾರಾ ನಿಂತು ಹೆದರೋದು ನನ್ನ ಕಡಿಂದ ಆಗಂಗಿಲ್ಲ. ನಾಟಕ ಮಾಡಾಕ ಬರಂಗಿಲ್ಲ ನನಗ.”

“ಮೆಲನಿನೂ ಅದನ್ನ ಕೇಳಿದ್ಲು, ಹೆದರಿಕಿ ವಾರಾ ವಾರಾ ಖರೇನ ಇರತೈತೇನು ಅಂತ,” ಎಂದು ಸುವರ್ಣಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅದರ ಚಿಂತಿ ನನಗ ಬಿಡ್ರಿ ಅಂದೇನಿ!”