ಬೀರುವಿನಲ್ಲಿ ಸಿಕ್ಕಿದ ಬೋರ್ಡೋ

ನನ್ನಷ್ಟು ಎಚ್ಚರಿಕೆಯಿಂದ ಬದುಕುವವರು ಶಿರಸಿಯಲ್ಲಿ ಕಡಿಮೆ. ಆದರೂ ಹೆದರಿಸುವಂಥದ್ದೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತದೆ. ಕೆಳಗಿನವು ಒಂದೇ ವಾರದಲ್ಲಿ ಆದವು.

೧. ಸ್ವೆಟರು

ಇವರು ತೀರಿಕೊಂಡು ವರ್ಷ ತುಂಬುತ್ತ ಬಂದಿತ್ತು. ಬಟ್ಟೆ ಮಡಚಿಡೋಣವೆಂದು ಇವರ ಬೀರು ತೆರೆದರೆ, ಉಣ್ಣೆಯ ಸ್ವೆಟರಿನೊಳಗೆ ಒಂದು ಬಾಟಲಿ. ಸಿದ್ದಾಪುರದ ಕಾಡಿಗೆ ಹಕ್ಕಿ ನೋಡಲು ಬರುವ ವಿದೇಶಿಯರಿಗೆ ಇವರು ದಾರಿ ತೋರಿಸುತ್ತಿದ್ದರು. ಅವರಲ್ಲಿ ಯಾರೋ ಕೊಟ್ಟಿರಬೇಕು. ಮೇಲಿನ ಚೀಟಿಯ ತುಂಬ ಫ್ರೆಂಚ್.

ಬಾಗಿಲು ಹಾಕಿಕೊಂಡು ಪದಗಳನ್ನು ಕಾಗದಕ್ಕೆ ಇಳಿಸಿ, ಮೊಬೈಲಿನಲ್ಲಿ ಅರ್ಥ ಹುಡುಕಿದೆ. ‘ವ್ಯಾಂ’ ಎಂದರೆ ವೈನ್. ‘ಶಾತೋ’ ಎಂದರೆ ದ್ರಾಕ್ಷಿತೋಟದ ಒಡೆಯರ ಮನೆ. ಅದರ ಕೆಳಗಿನ ಸಾಲಿನ ಅರ್ಥ, ಆ ಮನೆಯಲ್ಲೇ ಬಾಟಲಿಗೆ ತುಂಬಿದ್ದು. ಕೊನೆಯಲ್ಲಿ, ಕೆಡದಂತೆ ಹಾಕುವ ಸಲ್ಫೈಟ್ ಇದೆ ಎಂಬ ಎಚ್ಚರಿಕೆ.

ಬಾಟಲಿಯನ್ನು ಮತ್ತೆ ಸ್ವೆಟರಿನೊಳಗೆ ತುರುಕಿದೆ. ಸಲ್ಫೈಟಿಗೆ ಹೆದರಿ ಅಲ್ಲ, ಹೊರಗೆ ಕೇಳಿದ ಅತ್ತೆಯ ಹೆಜ್ಜೆಗೆ. ಮಗ ಚಹಾ ಸಹ ಮುಟ್ಟದವನೆಂದು ಊರಿಗೆಲ್ಲ ಹೇಳಿಕೊಂಡವರು ಅವರು. ಮಗನಿಲ್ಲದ ಮೇಲೆ ಉಳಿದದ್ದು ಆ ಹೆಮ್ಮೆಯೊಂದೇ. ಅದನ್ನು ನಾನು ಒಡೆಯುವಂತಿರಲಿಲ್ಲ.

“ಎಂತ ಸಿಕ್ತೇ ಕೂಸೆ?”

“ಸ್ವೆಟರು, ಅತ್ತೆ.”

“ಸ್ವೆಟರ್ ನೋಡಲೆ ಬಾಗ್ಲು ಎಂತಕ್ಕೆ ಹಾಕವು?”

೨. ಪ್ರಾರ್ಥನೆ

ಪದಗಳ ಕಾಗದವನ್ನು ನಾನು ಕಲಿಸುವ ಶಾಲೆಯ ಹಾಜರಿ ಪುಸ್ತಕದಲ್ಲಿ ಮರೆತೆ. ಅದು ಮುಖ್ಯೋಪಾಧ್ಯಾಯರಿಗೆ ಸಿಕ್ಕಿತು. ಮರುದಿನ ಪ್ರಾರ್ಥನೆ ಮುಗಿದೊಡನೆ ಅವರು ಅದನ್ನು ಎತ್ತಿ ಹಿಡಿದರು.

“ಮಕ್ಕಳೇ, ಇಂಥ ದುಃಖದಲ್ಲೂ ನಿಮ್ಮ ಟೀಚರು ಫ್ರೆಂಚ್ ಕಲಿಯುತ್ತಿದ್ದಾರೆ! ಮೇಡಂ, ‘ಗ್ರಾಂ ವ್ಯಾಂ’ ಅಂದರೇನು, ಹೇಳಿ.”

“ಒಳ್ಳೆಯ... ದ್ರಾಕ್ಷಿಯ ರಸ, ಸರ್.”

ಶಾಲೆಗೆ ಶಾಲೆಯೇ ಕೂಗಿತು: “ಗ್ರಾಂ ವ್ಯಾಂ!”

“ಬಹಳ ಚೆನ್ನಾಯಿತು. ದಿನಕ್ಕೊಂದು ಪದ ಕಲಿಸಿಬಿಡಿ” ಎಂದರು ಅವರು.

೩. ಔಷಧಿ

ಬಾಟಲಿಯನ್ನು ಹಿತ್ತಿಲ ಬಾಳೆಯ ಬುಡಕ್ಕೆ ಸುರಿದುಬಿಡುವುದೆಂದು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಎದುರಿಗೇ ಅತ್ತೆಯ ತಮ್ಮ, ಕಾನಸೂರಿನ ಮಾವ. ಕೈಯಿಂದ ಬಾಟಲಿ ಕಿತ್ತುಕೊಂಡು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದರು.

“ಬೋರ್ಡೋ! ಅಡಕೆ ಕೊಳೆರೋಗಕ್ಕೆ ಹೊಡೆಯ ಔಷಧಿ ಅಲ್ದನೇ? ನಮ್ಮದು ನೀಲಿ ಇರ್ತು, ಇದೆಂತ ಕೆಂಪು?”

ಅವರದು ಪೂರ್ತಿ ತಪ್ಪಲ್ಲ. ಬೋರ್ಡೋ ಒಂದು ಊರು. ಅಲ್ಲಿಯ ದ್ರಾಕ್ಷಿತೋಟದಿಂದಲೇ ಆ ಔಷಧಿ ನಮ್ಮ ಅಡಿಕೆಗೆ ಬಂದದ್ದು. ಆದರೆ ಪಾಠ ಮಾಡುವ ಹೊತ್ತಾಗಿರಲಿಲ್ಲ.

“ವಿದೇಶದ್ದು, ಮಾವ” ಎಂದೆ.

“ಹಂಗಾರೆ ಕೊಡು. ಎರಡು ಮರಕ್ಕೆ ಹೊಡದು ನೋಡ್ತಿ.”

೪. ಅತ್ತೆ

ಗಲಾಟೆ ಕೇಳಿ ಅತ್ತೆ ಹೊರಗೆ ಬಂದರು. ಅವರು ಬಾಟಲಿ ನೋಡಿದರು, ನನ್ನನ್ನು ನೋಡಿದರು, ಒಳಗೆ ಹೋಗಿ ಲೋಟದಲ್ಲಿ ನೀರು ತಂದರು. ಬಿರಡೆ ಕಿತ್ತು ಅದಕ್ಕಿಷ್ಟು ಸುರಿದು ತಮ್ಮನಿಗೆ ಕೊಟ್ಟರು.

“ಅಡಕೆಗೆ ಬ್ಯಾಡ. ನೀನೇ ಕುಡಿ.”

ಮಾವ ಹೆದರುತ್ತಲೇ ಗುಟುಕರಿಸಿದರು. “ಅಕ್ಕ, ಇದು ಮುರುಗಲು ಹಣ್ಣಿನ ಪಾನಕ!”

“ಹೌದು. ಮೊದ್ಲಿದ್ದಿದ್ದು ಆನೂ ಮಗನೂ ಮುಗ್ಸಿ ಎಷ್ಟೋ ಕಾಲ ಆತು. ಆನು ಕಾಲುನೋವಿಗೆ ಕುಡದಿ. ಅಂವ ಎಂತಕ್ಕೆ ಕುಡದ, ಕೇಳಿದ್ನಿಲ್ಲೆ.”

“ಮತ್ತೆ ಪಾನಕ ತುಂಬಿದ್ದು ಯಾಕೆ ಅತ್ತೆ?” ಕೇಳಿದೆ.

“ಖಾಲಿ ಬಾಟ್ಲಿ ಸಿಕ್ರೆ ಕುಡದ್ದು ಗೊತ್ತಾಗ್ತು. ತುಂಬಿದ್ದು ಸಿಕ್ರೆ ಯಾರೋ ಕೊಟ್ಟಿದ್ದು ಹೇಳ್ಲಕ್ಕು. ಅಂವಂಗೆ ನಿನ್ನ ಹೆದ್ರಿಕೆ ರಾಶಿ ಇತ್ತು. ಯಂಗೂ ಇದ್ದು.”

ವರ್ಷದಲ್ಲಿ ಮೊದಲ ಸಲ ನಕ್ಕೆ. ಬಾಟಲಿ ತಿರುಗಿಸಿ ‘ಶಾತೋ’ದ ಕೆಳಗಿನ ಸಾಲನ್ನು ಮತ್ತೊಮ್ಮೆ ಓದಿದೆ. ಫ್ರೆಂಚರು ಒಂದಕ್ಷರ ಸುಳ್ಳು ಬರೆದಿರಲಿಲ್ಲ: ಒಡೆಯರ ಮನೆಯಲ್ಲೇ ಬಾಟಲಿಗೆ ತುಂಬಿದ್ದು.